ಬದುವಿನ ಹೊಂಗೆಯಿಂದ ಪಂಪಿನ ಟ್ಯಾಂಕಿಗೆ: ಐವತ್ತು ಲೀಟರ್ ಎಣ್ಣೆಯ ಪೂರ್ತಿ ಲೆಕ್ಕ

200 ಕಿಲೋ ಒಣಗಿದ ಹೊಂಗೆ ಬೀಜ ಹಾಕಿದರೆ ಕೊನೆಗೆ ಉಳಿಯುವುದು 45 ಲೀಟರ್ ಆಸುಪಾಸು ಬಯೋಡೀಸೆಲ್, 145 ಕಿಲೋ ಹಿಂಡಿ, ಕಾಫಿ ಬಣ್ಣದ ಗ್ಲಿಸರಿನ್ 8ರಿಂದ 10 ಲೀಟರ್, ಮತ್ತೆ 50-60 ಲೀಟರ್ ಸೋಪಿನ ನೀರು. ಎಲ್ಲರೂ ಕೇಳುವುದು ಮೊದಲನೆಯದನ್ನು ಮಾತ್ರ. ಈ ಇಂಧನ ನೆಲಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ತೀರ್ಮಾನವಾಗುವುದು ಉಳಿದ ಮೂರನ್ನು ಏನು ಮಾಡಿದೆವು ಎಂಬುದರ ಮೇಲೆ. ಅದಕ್ಕೇ ಇಲ್ಲಿ ಎಂಜಿನ್ನಿನ ಮಾತು ಎಷ್ಟಿದೆಯೋ ಕಸದ ಮಾತೂ ಅಷ್ಟೇ ಇದೆ.

ನಾನು ಮಾಡುವುದು ನಾಗಮಂಗಲ ಕಡೆಯ ಮಳೆಯಾಶ್ರಿತ ಜಮೀನಿನಲ್ಲಿ. ಇಲ್ಲಿಗೆ ವಿಶ್ವೇಶ್ವರಯ್ಯ ನಾಲೆಯ ನೀರಿಲ್ಲ. ರಾಗಿ, ಹುರುಳಿ, ತೆಂಗು. ಬದುವಿನ ಉದ್ದಕ್ಕೂ ಹೊಂಗೆ. ಹಿಂದೆ ದೀಪಕ್ಕೆ ಎಣ್ಣೆ, ಗದ್ದೆಗೆ ಹಸಿರೆಲೆ ಗೊಬ್ಬರ ಕೊಡುತ್ತಿದ್ದ ಮರ ಇದು. ಈಗ ಕಾಯಿ ಉದುರಿ ಗೆದ್ದಲು ಹಿಡಿಯುವುದೇ ಹೆಚ್ಚು. ಶಿವರಾತ್ರಿಯಿಂದ ಯುಗಾದಿ ದಾಟುವವರೆಗೆ ಕಾಯಿ ಬಡಿಯುವ ಕಾಲ. ಚೆನ್ನಾಗಿ ಬೆಳೆದ ಮರ 5 ಕಿಲೋದಿಂದ 25 ಕಿಲೋ ತನಕ ಬೀಜ ಕೊಡುತ್ತದೆ, ಒಂದು ವರ್ಷ ತುಂಬಿದರೆ ಮರುವರ್ಷ ಕೈಕೊಡುತ್ತದೆ. 200 ಕಿಲೋಗೆ 15-20 ಮರವಾದರೂ ಬೇಕು.

ಗುಣಮಟ್ಟ ಕೆಡುವುದು ಇಲ್ಲಿಂದಲೇ. ನೆಲದ ತೇವ ತಾಗಿದ, ಮುಂಗಾರಿನ ಮೊದಲ ಮಳೆಗೆ ಸಿಕ್ಕಿದ ಬೀಜದಲ್ಲಿ ಎಣ್ಣೆ ಒಡೆದು ಬಿಡಿ ಕೊಬ್ಬಿನಾಮ್ಲ ಏರುತ್ತದೆ. ಈ ಆಮ್ಲ ಮುಂದೆ ಕ್ಷಾರದ ಜೊತೆ ಸೇರಿ ಸೋಪಾಗುತ್ತದೆ, ಸೋಪಾದಷ್ಟೂ ಇಂಧನ ನಷ್ಟ. ಟಾರ್ಪಾಲಿನ ಮೇಲೆ ಕಾಯಿ ಉದುರಿಸಿ, ಸಿಪ್ಪೆ ಬಿಡಿಸಿ, ಬೀಜವನ್ನು ಹಲ್ಲಲ್ಲಿ ಕಡಿದರೆ ಟಕ್ಕೆಂದು ಮುರಿಯುವಷ್ಟು ಒಣಗಿಸಿ, ಗೋಣಿಚೀಲದಲ್ಲಿ ಹಲಗೆಯ ಮೇಲಿಡಬೇಕು. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರುತ್ತದೆ. ಆದಷ್ಟು ಬೇಗ ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರ್‌ಗೆ ಹಾಕಿ. ಬೀಜದಲ್ಲಿ ನೂರಕ್ಕೆ 30ರ ಆಸುಪಾಸು ಎಣ್ಣೆ ಇದ್ದರೂ ಯಂತ್ರದಿಂದ ಬರುವುದು 25. ಐದಾರು ದಿನ ಅಲುಗಾಡಿಸದೆ ಬಿಟ್ಟು, ತಳದ ಗಷ್ಟು ಬಿಟ್ಟು ಮೇಲಿನ ತಿಳಿ ತೆಗೆದರೆ 50 ಲೀಟರ್.

ಈ ಎಣ್ಣೆಯನ್ನೇ ನೇರವಾಗಿ ಟ್ಯಾಂಕಿಗೆ ಸುರಿಯಬಹುದಲ್ಲ ಎನ್ನುವವರಿದ್ದಾರೆ. ಸುರಿದರೆ ಎಂಜಿನ್ ಓಡುತ್ತದೆ, ಸುಳ್ಳಲ್ಲ. ಆದರೆ ಹೊಂಗೆ ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು ಮಂದ. ಇಂಜೆಕ್ಟರ್‌ನಿಂದ ಮಂಜಿನಂತೆ ಸಿಡಿಯುವ ಬದಲು ಹನಿಯಾಗಿ ಬೀಳುತ್ತದೆ, ಪೂರ್ತಿ ಉರಿಯುವುದಿಲ್ಲ. ನಾಝಲ್ ತುದಿಗೆ ಕರಿ ಕಟ್ಟುತ್ತದೆ, ಪಿಸ್ಟನ್ ರಿಂಗು ಅಂಟಿಕೊಳ್ಳುತ್ತದೆ, ಉರಿಯದ ಎಣ್ಣೆ ಎಂಜಿನ್ನಿನ ತಳದ ಆಯಿಲ್ ಸಂಪಿಗೆ ಇಳಿದು ಎಂಜಿನ್ ಆಯಿಲನ್ನು ಜಿಡ್ಡಾಗಿಸುತ್ತದೆ. ಮೆಥನಾಲ್ ಎಂಬ ಆಲ್ಕೊಹಾಲಿನ ಜೊತೆ ಎಣ್ಣೆಗೆ ಕ್ರಿಯೆ ಮಾಡಿಸುವುದು ಈ ಮಂದತನ ಇಳಿಸಲು, ಹಾಗೆ ತೆಳುವಾದ ಇಂಧನವೇ ಬಯೋಡೀಸೆಲ್.

ಮೊದಲು ಎಣ್ಣೆಯ ನೀರಿನಂಶ ಹೋಗಬೇಕು. ಬಯಲಿನ ಒಲೆಯಲ್ಲಿ ಹೊಂಗೆ ಕಾಯಿಯ ಸಿಪ್ಪೆಯನ್ನೇ ಉರಿಸಿ ಎಣ್ಣೆಯನ್ನು 110 ಡಿಗ್ರಿಗೆ ಕಾಯಿಸುತ್ತೇನೆ. ಗುಳ್ಳೆ ನಿಂತರೆ ನೀರು ಹೋಯಿತು. 60 ಡಿಗ್ರಿಗೆ ಇಳಿದ ಮೇಲೆ ಕ್ರಿಯೆಯ ಡ್ರಮ್ಮಿಗೆ. ಒಲೆಗೂ ಡ್ರಮ್ಮಿಗೂ 50 ಅಡಿಗಿಂತ ಹೆಚ್ಚು ದೂರ. ಮೆಥನಾಲ್ 65 ಡಿಗ್ರಿಗೆ ಕುದಿಯುತ್ತದೆ, ಅದರ ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಆವಿ ಉಸಿರಿಗೆ, ದ್ರವ ಚರ್ಮಕ್ಕೆ ವಿಷ. ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಡ್ರಮ್ಮು 100 ಲೀಟರಿನದು, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಆಲಿಕೆಯಂಥ ತಳ, ಬಿಗಿ ಮುಚ್ಚಳ, ಸುತ್ತಲೂ ಶಾಖ ಹಿಡಿದಿಡಲು ಗ್ಲಾಸ್ ವುಲ್. ಮೇಲೆ ಒಂದು ಸ್ಟೀಲ್ ಪೈಪು ತಣ್ಣೀರಿನ ತೊಟ್ಟಿಯ ಮೂಲಕ ಹಾದು ಆವಿಯನ್ನು ಮತ್ತೆ ದ್ರವ ಮಾಡುತ್ತದೆ. ಕಲಕುವ ಮೋಟಾರು ಗೋಡೆಯ ಆಚೆ ಇದೆ, ಬೆಲ್ಟಿನಿಂದ ಶಾಫ್ಟ್ ತಿರುಗುತ್ತದೆ. ಸಾಮಾನ್ಯ ಮೋಟಾರಿನ ಒಂದು ಕಿಡಿ ಸಾಕು. ಈ ವಿಷಯದಲ್ಲಿ ದುಡ್ಡು ಉಳಿಸಬಾರದು. ಮೆಥನಾಲ್ ಕೊಳ್ಳಲು, ಇಟ್ಟುಕೊಳ್ಳಲು ಪರವಾನಗಿ ಬೇಕು, ಅದನ್ನು ಪಡೆದೇ ಶುರುಮಾಡಿ.

ಪ್ರತಿ ಸಲವೂ ಆಮ್ಲ ಅಳೆಯಬೇಕು. 1 ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ 1 ಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಕರಗಿಸಿಡಿ. 10 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲಿಗೆ 1 ಮಿ.ಲೀ. ಎಣ್ಣೆ, ಎರಡು ಹನಿ ಫಿನಾಲ್ಫ್ತಲೀನ್ (ಕ್ಷಾರ ಹೆಚ್ಚಾದಾಗ ಗುಲಾಬಿಯಾಗುವ ದ್ರವ). ಸಿರಿಂಜಿನಿಂದ ಕ್ಷಾರದ ನೀರನ್ನು ಹನಿಹನಿಯಾಗಿ ಬಿಡುತ್ತ ತಿಳಿ ಗುಲಾಬಿ ಬಣ್ಣ ಬಂದು ಅರ್ಧ ನಿಮಿಷ ನಿಂತರೆ ನಿಲ್ಲಿಸಿ. 4 ಮಿ.ಲೀ. ಹಿಡಿದರೆ ಆಮ್ಲ ಸುಮಾರು ನೂರಕ್ಕೆ 2. ಅದರ ಮೇಲೆ ಹೋದರೆ ನೇರ ಕ್ಷಾರದ ಹಂತಕ್ಕೆ ಹೋಗಬಾರದು. ಹೋದರೆ ಡ್ರಮ್ಮಿನ ತುಂಬ ಅಂಬಲಿಯಂಥ ಸೋಪು. ನಮ್ಮ ಬದುವಿನ ಬೀಜದ ಎಣ್ಣೆ ಬಹುಪಾಲು ಈ ಗೆರೆ ದಾಟಿಯೇ ಇರುತ್ತದೆ.

ಹಾಗಾಗಿ ಮೊದಲು ಆಮ್ಲದ ಹಂತ. 50 ಲೀಟರ್ ಎಣ್ಣೆಗೆ 10 ಲೀಟರ್ ಮೆಥನಾಲ್, ಅದಕ್ಕೆ 250 ಮಿ.ಲೀ. ಸಾಂದ್ರ ಗಂಧಕಾಮ್ಲವನ್ನು ತುಸುತುಸುವೇ ಬೆರೆಸಿ ಡ್ರಮ್ಮಿಗೆ ಬಿಡಬೇಕು. 60 ಡಿಗ್ರಿಯಲ್ಲಿ ಎರಡು ಗಂಟೆ ಕಲಕಿ, ಮೂರು ಗಂಟೆ ಬಿಟ್ಟರೆ ಮೆಥನಾಲ್, ಹುಟ್ಟಿದ ನೀರು, ಆಮ್ಲ ಮೇಲೆ ಪದರವಾಗಿ ನಿಲ್ಲುತ್ತವೆ. ಕೆಳಗಿನಿಂದ ಎಣ್ಣೆಯನ್ನು ಬೇರೆ ಪಾತ್ರೆಗೆ ಇಳಿಸಿ, ಮೇಲಿನದನ್ನು ಪ್ರತ್ಯೇಕ ಮಾಡಿ. ಮತ್ತೆ ಅಳೆದಾಗ 2 ಮಿ.ಲೀ. ಒಳಗಿರಬೇಕು. ಇಳಿಯದಿದ್ದರೆ ಕಾರಣ ಹೆಚ್ಚಾಗಿ ನೀರು: ಎಣ್ಣೆ ಸರಿಯಾಗಿ ಕಾದಿಲ್ಲ, ಇಲ್ಲವೇ ಮರುಬಳಕೆಯ ಮೆಥನಾಲ್ ತೇವವಿತ್ತು.

ಕ್ಷಾರದ ಹಂತದ ಲೆಕ್ಕ ಹೀಗೆ: ಲೀಟರ್ ಎಣ್ಣೆಗೆ ಮೂಲವಾಗಿ 5.5 ಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಜೊತೆಗೆ ಅಳತೆಯಲ್ಲಿ ಎಷ್ಟು ಮಿ.ಲೀ. ಬಂತೋ ಅಷ್ಟು ಗ್ರಾಂ. 1.5 ಬಂದರೆ ಒಟ್ಟು 7 ಗ್ರಾಂ, 50 ಲೀಟರಿಗೆ 350 ಗ್ರಾಂ. ಇದನ್ನು ದಪ್ಪ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಕ್ಯಾನಿನಲ್ಲಿ 10 ಲೀಟರ್ ಮೆಥನಾಲಿಗೆ ಹಾಕಿ ಪೂರ್ತಿ ಕರಗಿಸಬೇಕು. ಅಲ್ಯೂಮಿನಿಯಂ ಪಾತ್ರೆ ಮುಟ್ಟಲೇಬಾರದು, ಜಲಜನಕ ಹುಟ್ಟುತ್ತದೆ. ಕರಗಿದ್ದನ್ನು ಡ್ರಮ್ಮಿನ ಎಣ್ಣೆಗೆ ಸೇರಿಸಿ, 60 ಡಿಗ್ರಿಯಲ್ಲಿ ಒಂದು ಗಂಟೆ ಕಲಕಿ ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ಗ್ಲಿಸರಿನ್ ತಳದಲ್ಲಿ, ಬಯೋಡೀಸೆಲ್ ಮೇಲೆ ಇರುತ್ತದೆ. ಅಗ್ಗದ ಕಾಸ್ಟಿಕ್ ಸೋಡಾ ಬಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಯಾಕೆ? ಸೋಡಾದಲ್ಲಿ ಗ್ಲಿಸರಿನ್ ಗಟ್ಟಿಯಾಗಿ ನಲ್ಲಿ ಕಟ್ಟುತ್ತದೆ. ಅದಕ್ಕಿಂತ ದೊಡ್ಡ ಕಾರಣ, ಸೋಡಿಯಂ ಮಣ್ಣನ್ನು ಚೌಳಾಗಿಸುತ್ತದೆ, ಪೊಟ್ಯಾಸಿಯಂ ತೆಂಗಿಗೆ ಆಹಾರ. ಮಂಡ್ಯದ ನಾಲಾ ಬಯಲಲ್ಲಿ ಚೌಳು ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಕ್ರಿಯೆ ಮುಗಿಯಿತೇ ಎಂದು ತಿಳಿಯಲು 27 ಮಿ.ಲೀ. ಮೆಥನಾಲಿಗೆ 3 ಮಿ.ಲೀ. ಬಯೋಡೀಸೆಲ್ ಹಾಕಿ ಕಲಕಿ. ಪೂರ್ತಿ ಕರಗಿದರೆ ಸರಿ. ತಳದಲ್ಲಿ ಎಣ್ಣೆಯ ಬಿಂದು ನಿಂತರೆ ಇನ್ನೂ ಹಸಿ ಎಣ್ಣೆ ಇದೆ. 1 ಲೀಟರ್ ಮೆಥನಾಲ್, 40-50 ಗ್ರಾಂ ಕ್ಷಾರ ಸೇರಿಸಿ ಮತ್ತೊಂದು ಸುತ್ತು ಮಾಡಬೇಕು.

ಹೆಚ್ಚು ಜನ ಸೋಲುವುದು ತೊಳೆಯುವಲ್ಲಿ. ಮೊದಲ ನೀರನ್ನು ಕಲಕಬಾರದು. 15 ಲೀಟರ್ ಬೆಚ್ಚನೆಯ ನೀರನ್ನು ಔಷಧಿ ಹೊಡೆಯುವ ಸ್ಪ್ರೇಯರಿನ ಮಂಜಿನಂತೆ ಮೇಲಿನಿಂದ ಬಿಡಿ, ತಾನಾಗಿ ಸೋಪು ಹೊತ್ತು ತಳಕ್ಕೆ ಇಳಿಯಲಿ. ಆತುರದಿಂದ ಕಲಕಿದರೆ ಮಜ್ಜಿಗೆಯಾಗುತ್ತದೆ, ಎರಡು ದಿನವಾದರೂ ಒಡೆಯುವುದಿಲ್ಲ. ಆಗ ಬಿಸಿ ಮಾಡಿ, ಸ್ವಲ್ಪ ಫಾಸ್ಫಾರಿಕ್ ಆಮ್ಲ ಬಿಟ್ಟರೆ ಒಡೆಯುತ್ತದೆ. ಬೋರ್‌ವೆಲ್ ನೀರು ಇಲ್ಲಿ ಗಡಸು, ಅದರ ಸುಣ್ಣ ಸೋಪಿನೊಡನೆ ಸೇರಿ ಅಂಟು ಕೆನೆ ಕಟ್ಟುತ್ತದೆ. ಛಾವಣಿಯ ಮಳೆನೀರೇ ಒಳ್ಳೆಯದು. ಮೂರು ನಾಲ್ಕು ಸಲ ತೊಳೆದಾಗ ನೀರು ತಿಳಿಯಾಗುತ್ತದೆ. ಬಳಿಕ 105 ಡಿಗ್ರಿಗೆ ಕಾಯಿಸಿ ಒಣಗಿಸಿ. ಬಾಟಲಿಯ ಹಿಂದೆ ಪತ್ರಿಕೆ ಇಟ್ಟರೆ ಅಕ್ಷರ ಓದಲು ಬರಬೇಕು. ನೀರು ಉಳಿದರೆ ಟ್ಯಾಂಕಿನಲ್ಲಿ ಬೂಷ್ಟು ಬೆಳೆಯುತ್ತದೆ, ಪಂಪು ತುಕ್ಕು ಹಿಡಿಯುತ್ತದೆ.

ಪಂಪಿಗೆ ನಾನು ಹಾಕುವುದು 20 ಪಾಲು ಬಯೋಡೀಸೆಲ್, 80 ಪಾಲು ಡೀಸೆಲ್. ಹಳೆಯ ರಬ್ಬರ್ ಪೈಪು ಊದಿ ಜಿನುಗುತ್ತದೆ, ಮೊದಲೇ ವೈಟಾನ್ (ಇಂಧನಕ್ಕೆ ಊದದ ರಬ್ಬರ್) ಪೈಪು ಹಾಕಿ. ತಾಮ್ರ, ಹಿತ್ತಾಳೆ ಇಂಧನವನ್ನು ಕೆಡಿಸುತ್ತವೆ. ಮೊದಲ 25 ಗಂಟೆಯಲ್ಲಿ ಫಿಲ್ಟರ್ ಕಟ್ಟುವುದು ಖಚಿತ: ಟ್ಯಾಂಕಿನ ಹಳೆ ಡೀಸೆಲ್ ಜಿಡ್ಡನ್ನು ಇದು ಕರಗಿಸಿ ತರುತ್ತದೆ, ಇಂಧನದ ತಪ್ಪೆಂದು ಬೆದರಬೇಡಿ, ಫಿಲ್ಟರ್ ಬದಲಿಸಿ. ಡಿಸೆಂಬರಿನ ಬೆಳಗ್ಗೆ ಬೆರೆಸದ ಕ್ಯಾನಿನ ತಳದಲ್ಲಿ ಮಬ್ಬು ಕಾಣುತ್ತದೆ, ಬಿಸಿಲಿಗೆ ಕರಗುತ್ತದೆ. ಆರು ತಿಂಗಳ ಮೇಲೆ ಇಡಬೇಡಿ, ಗಾಳಿ ಸೋಕಿ ಹುಳಿಯುತ್ತದೆ.

ಈಗ ನೆಲದ ಲೆಕ್ಕ. 5 ಎಚ್‌ಪಿ ಪಂಪು ಪೂರ್ಣ ಹೊರೆಯಲ್ಲಿ ಗಂಟೆಗೆ 1 ಲೀಟರಿಗಿಂತ ತುಸು ಹೆಚ್ಚು ಕುಡಿಯುತ್ತದೆ. 45 ಲೀಟರ್ ಎಂದರೆ ಬರೀ 40 ಗಂಟೆಯ ನೀರು. ಇದರಿಂದ ದೇಶದ ಡೀಸೆಲ್ ಅಗತ್ಯ ನೀಗುವುದಿಲ್ಲ, ಹಾಗೆ ಹೇಳಿಕೊಳ್ಳಲೂ ಬಾರದು. ಎಕರೆ ಲೆಕ್ಕದಲ್ಲಿ ಕಬ್ಬಿನ ಮುಂದೆ ಹೊಂಗೆ ನಿಲ್ಲುವುದೇ ಇಲ್ಲ: 1 ಟನ್ ಕಬ್ಬಿನ ಹಾಲನ್ನೇ ಪೆಟ್ರೋಲಿಗೆ ಬೆರೆಸುವ ಎಥನಾಲ್ ಮಾಡಿದರೆ ಸುಮಾರು 70 ಲೀಟರ್, ಎಕರೆಗೆ 40 ಟನ್ ಬೆಳೆದರೆ 2,800 ಲೀಟರ್. ಆದರೆ ಕಬ್ಬಿನ ಎಥನಾಲ್ ಲೀಟರಿಗೆ ನೀತಿ ಆಯೋಗದ ವರದಿಯೇ ಕೊಟ್ಟ ನೀರಿನ ಲೆಕ್ಕ 2,860 ಲೀಟರ್. ಗುಣಿಸಿ ನೋಡಿ, ಎಕರೆಗೆ 80 ಲಕ್ಷ ಲೀಟರ್. ಆ ಒಂದೆಕರೆಯ ಮೇಲೆ ಎರಡು ಮೀಟರ್ ಎತ್ತರಕ್ಕೆ ನಿಲ್ಲಿಸಿದಷ್ಟು ನೀರು. ಕೆಆರ್‌ಎಸ್ ತುಂಬದ ವರ್ಷ ಈ ನೀರು ಎಲ್ಲಿಂದ ಬರಬೇಕು? ಸಕ್ಕರೆ ತೆಗೆದ ಮೇಲೆ ಉಳಿಯುವ ಕೊನೆಯ ಕಾಕಂಬಿಯಿಂದ ಮಾಡುವ ಎಥನಾಲ್ ಬೇರೆ ಮಾತು. ಟನ್ ಕಬ್ಬಿಗೆ 10 ಲೀಟರ್ ಆಸುಪಾಸು ಅಷ್ಟೇ, ಆದರೆ ಆ ನೀರು ಸಕ್ಕರೆಗಾಗಿ ಆಗಲೇ ಹರಿದಿದೆ. ಕಾಕಂಬಿಯ ಎಥನಾಲನ್ನೂ ಕಬ್ಬಿನ ಹಾಲಿನ ಎಥನಾಲನ್ನೂ ಒಂದೇ ಹೆಸರಲ್ಲಿ 'ಹಸಿರು' ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ.

ಗೊಬ್ಬರದ ಲೆಕ್ಕವೂ ಇದೆ. ಹೊಲಕ್ಕೆ ಹಾಕಿದ ಸಾರಜನಕದಲ್ಲಿ ನೂರಕ್ಕೆ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಹಾರುತ್ತದೆ ಎಂದು ಲೆಕ್ಕ ಹಿಡಿಯುವುದು ವಾಡಿಕೆ. ಈ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಶಾಖ ಹಿಡಿಯುತ್ತದೆ. 100 ಕಿಲೋ ಸಾರಜನಕ ಹಾಕಿದರೆ 400 ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. 150 ಲೀಟರಿಗೂ ಹೆಚ್ಚು ಡೀಸೆಲ್ ಉರಿಸಿದ್ದಕ್ಕೆ ಅದು ಸಮ. ಹೊಂಗೆ ತನ್ನ ಬೇರಿನ ಗಂಟಿನಲ್ಲೇ ಸಾರಜನಕ ಕಟ್ಟಿಕೊಳ್ಳುವ ಮರ, ನಾವು ಯೂರಿಯಾ ಕೊಡುವುದಿಲ್ಲ, ನೀರೂ ಮಳೆಯದು. ಆದರೂ ಇಲ್ಲೊಂದು ಬಾಕಿ ಇದೆ: ಮೆಥನಾಲ್ ಬರುವುದು ಕಲ್ಲಿದ್ದಲು ಇಲ್ಲವೇ ನೈಸರ್ಗಿಕ ಅನಿಲದಿಂದ. ಬಯೋಡೀಸೆಲ್‌ನ ಸುಮಾರು 19 ಇಂಗಾಲದ ಪರಮಾಣುಗಳಲ್ಲಿ 1 ಅದರದ್ದೇ. ಹಾಗಾಗಿ ಆಮ್ಲದ ಹಂತದ ಮೇಲಿನ ಪದರದ ಮತ್ತು ಗ್ಲಿಸರಿನ್‌ನ ಮೆಥನಾಲನ್ನು ಭಟ್ಟಿ ಇಳಿಸಿ ಹಿಂಪಡೆಯುವುದು ಕಡ್ಡಾಯ. ಹೈಡ್ರೋಮೀಟರ್ 0.80 ದಾಟಿ ತೋರಿಸಿದರೆ ಅದರಲ್ಲಿ ನೀರಿದೆ, ಮತ್ತೆ ಭಟ್ಟಿ ಇಳಿಸಬೇಕು.

ಗ್ಲಿಸರಿನ್ ಗೋಬರ್ ಗ್ಯಾಸಿಗೆ ಹೋಗುತ್ತದೆ. 100 ಲೀಟರ್ ಬಗ್ಗಡಕ್ಕೆ 1 ಲೀಟರ್ ಮೀರಬಾರದು, ಮೀರಿದರೆ ಗುಂಡಿ ಹುಳಿಯಾಗಿ ಗ್ಯಾಸು ನಿಲ್ಲುತ್ತದೆ. ತೊಳೆದ ನೀರನ್ನು ಹಳ್ಳಕ್ಕೆ, ಕಟ್ಟೆಗೆ ಬಿಟ್ಟರೆ ಮೀನು ಸಾಯುತ್ತವೆ. ಫಾಸ್ಫಾರಿಕ್ ಆಮ್ಲದಿಂದ ಪಿಎಚ್ 7ಕ್ಕೆ ತಂದು, ಮೇಲೆ ತೇಲಿದ ಜಿಡ್ಡು ತೆಗೆದು, ಹತ್ತು ಪಟ್ಟು ನೀರು ಬೆರೆಸಿ ತೆಂಗಿನ ಪಾತಿಗೆ. ಹಿಂಡಿ ಮಾರಬೇಡಿ. ಅದರಲ್ಲಿ ನೂರಕ್ಕೆ 4ರಷ್ಟು ಸಾರಜನಕವಿದೆ. 145 ಕಿಲೋದಲ್ಲಿ ಸುಮಾರು 6 ಕಿಲೋ, 13 ಕಿಲೋ ಯೂರಿಯಾಗೆ ಸಮ, ನಿಧಾನವಾಗಿ ಬಿಡುತ್ತದೆ. ದನದ ಗೊಂತಿನ ಹತ್ತಿರ ಮಾತ್ರ ಇಡಬೇಡಿ, ಕಹಿ ವಿಷ.

ಹೊಸದಾಗಿ ನೆಡುವವರು ಗದ್ದೆಗೆ ಹೊಂಗೆ ತರಬೇಡಿ, ಅನ್ನದ ಜಾಗ ಅದು. ಬದು, ಗುಂಡುತೋಪು, ಕೆರೆಯಂಚು ಸಾಕು. ಬದುವಿನಲ್ಲಿ ಸಸಿಯಿಂದ ಸಸಿಗೆ 15-18 ಅಡಿ. ಪರಾಗ ಬೇರೆ ಮರದಿಂದ ಬರುವುದರಿಂದ ಬೀಜದಿಂದ ಎದ್ದ ಸಸಿ ತಾಯಿಯಂತೆ ಕಾಯಿ ಬಿಡುತ್ತದೆ ಎನ್ನಲಾಗದು. ಮೂರು ವರ್ಷ ಸತತವಾಗಿ ಕಾಯಿ ತೂಗಿ ನೋಡಿ ಒಂದು ಮರ ಆರಿಸಿ, ಅದರ ಕಡ್ಡಿಯಿಂದ ಕಸಿ ಕಟ್ಟಿಸಿ. ಕಸಿ ಗಿಡ ಬೀಜದ ಗಿಡಕ್ಕಿಂತ ಬೇಗ ಫಸಲಿಗೆ ಬರುತ್ತದೆ, ಮೊದಲೆರಡು ಬೇಸಿಗೆ ವಾರಕ್ಕೊಂದು ಕೊಡ ನೀರು ಕೊಟ್ಟರೆ ಆಮೇಲೆ ಕೇಳುವುದಿಲ್ಲ.