ಆರ್‌ವಿಯಲ್ಲಿ ಪದೇ ಪದೇ ಬ್ರೇಕರ್ ಬೀಳುತ್ತಿದ್ದದ್ದು ಹೀಗೆ ಸರಿಹೋಯಿತು

ಶಿಕಾಗೋ ಸುತ್ತಮುತ್ತ ಜುಲೈ ಸೆಕೆ ಅಂದರೆ ಮೈಯೆಲ್ಲ ಜಿಗುಟು. ಮಿಷಿಗನ್ ಸರೋವರದ ಹತ್ತಿರ ಕ್ಯಾಂಪ್ ಹಾಕಿದ್ದೆವು. ಮಧ್ಯಾಹ್ನವಾಗುತ್ತಲೇ ನಮ್ಮ ಆರ್‌ವಿಯ (ಒಳಗೇ ಮನೆಯಂತೆ ಇರಬಹುದಾದ ಗಾಡಿ) ಮೇನ್ ಬ್ರೇಕರ್ ಬೀಳುತ್ತಿತ್ತು, ಅಂದರೆ ಇಡೀ ಗಾಡಿಯ ಕರೆಂಟ್ ತಾನಾಗಿಯೇ ಕಟ್ಟಾಗುತ್ತಿತ್ತು. ಎಸಿ ಕೆಟ್ಟಿದೆ ಅಂತ ಪಕ್ಕದವರು ಹೇಳಿದರು. ಎಸಿ ಸರಿಯಾಗೇ ಇತ್ತು.

ನಮ್ಮದು 30 ಆಂಪ್ ಗಾಡಿ, ಅಂದರೆ ಹೊರಗಿನಿಂದ ಒಟ್ಟು ಅಷ್ಟೇ ಕರೆಂಟ್ ಎಳೆಯಬಹುದು. 120 ವೋಲ್ಟ್‌ಗೆ ಲೆಕ್ಕ ಹಾಕಿದರೆ ಸಿಗುವುದು 3600 ವಾಟ್ ಮಾತ್ರ. ಎಸಿ ಒಂದೇ ಸುಮಾರು 13 ಆಂಪ್ ಎಳೆಯುತ್ತದೆ. ವಾಟರ್ ಹೀಟರ್ ಕರೆಂಟಿನಲ್ಲಿದ್ದರೆ ಇನ್ನೊಂದು 12. ಫ್ರಿಜ್ಜು, ಬ್ಯಾಟರಿ ಚಾರ್ಜರ್ ಬೇರೆ. ಅದರ ಮೇಲೆ ಅನ್ನಕ್ಕೆ ಇಂಡಕ್ಷನ್ ಒಲೆ ಹಾಕಿದರೆ ಬ್ರೇಕರ್ ನಿಲ್ಲುತ್ತಾ?

ಹೀಟರ್, ಫ್ರಿಜ್ಜು ಎರಡನ್ನೂ ಗ್ಯಾಸಿಗೆ ಬದಲಾಯಿಸಿದೆವು. ಬ್ರೇಕರ್ ಬೀಳುವುದು ಅಲ್ಲಿಗೆ ನಿಂತಿತು. ಆದರೆ ಕಂಪ್ರೆಸರ್ ಶುರುವಾದಾಗ ಲೈಟು ಮಂಕಾಗುತ್ತಿತ್ತು. ಒಳಗಿನ ಸಾಕೆಟ್‌ಗೆ ವೋಲ್ಟ್‌ಮೀಟರ್ ಸಿಕ್ಕಿಸಿದರೆ 106 ತೋರಿಸಿತು. ವೀಕೆಂಡಿನಲ್ಲಿ ಅಕ್ಕಪಕ್ಕದವರೆಲ್ಲ ಎಸಿ ಹಾಕಿದರೆ ವೋಲ್ಟೇಜ್ ಇಳಿಯುವುದು ಸಹಜ, ಅಲ್ವಾ? ಆದರೂ ಅನುಮಾನ ಬಂದು ಬ್ರೇಕರ್ ಆಫ್ ಮಾಡಿ, ಕ್ಯಾಂಪಿನ ಸಾಕೆಟ್‌ಗೆ ಸಿಕ್ಕಿಸಿದ್ದ ಗಾಡಿಯ ಪ್ಲಗ್ ಹೊರಗೆಳೆದೆ. ಒಂದು ಪಿನ್ನು ಕಂದು ಬಣ್ಣಕ್ಕೆ ತಿರುಗಿತ್ತು, ಸುತ್ತಲಿನ ಪ್ಲಾಸ್ಟಿಕ್ ಕರಗಿ ಉಬ್ಬಿತ್ತು. ಅಂಥದ್ದನ್ನು ಸುಮ್ನೆ ಉಜ್ಜಿ ಮತ್ತೆ ಹಾಕಬೇಡಿ. ಬೆಂಕಿ ಹತ್ತಬಹುದು, ಒಳಗೆ ಮಕ್ಕಳು ಮಲಗಿರುತ್ತಾರೆ.

ಹೊಸ ಪ್ಲಗ್ ಹಾಕಿಸಿದೆ. ಕಂಪ್ರೆಸರ್ ಶುರುವಾಗುವಾಗ ಒಮ್ಮೆಲೇ ಎಳೆಯುವ ಕರೆಂಟ್ ತಗ್ಗಿಸಲು ಎಸಿಗೆ ಸಾಫ್ಟ್ ಸ್ಟಾರ್ಟರ್ ಕೂರಿಸಿದೆ. ಈಗ ಲೈಟು ಮಂಕಾಗುವುದಿಲ್ಲ. ಬಿಸಿಲೇರುವ ಮೊದಲೇ ಎಸಿ ಹಾಕಿ ಗಾಡಿ ತಂಪು ಮಾಡಿಕೊಳ್ಳುತ್ತೇವೆ. ಅಡುಗೆ ಜಾಸ್ತಿ ಹೊರಗಿನ ಗ್ಯಾಸ್ ಒಲೆಯಲ್ಲೇ.