ಪ್ಲೈಗೆ ಅಂಟು ಹಚ್ಚುವ ಮೊದಲು ಒಂದು ಹನಿ ನೀರು

ಮರದ ವಿಮಾನದ ರೆಕ್ಕೆ ಕಟ್ಟುತ್ತಿರುವವರು ಪ್ಲೈವುಡ್‌ಗೆ ಎಪಾಕ್ಸಿ (ಎರಡು ಭಾಗ ಕಲಸಿ ಮಾಡುವ ಅಂಟು) ಹಚ್ಚುವ ಮೊದಲು ಪ್ಲೈ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಅಗಲವಾಗಿ ಹರಡಿ ಒಳಗಿಳಿದರೆ ಸರಿ. ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಉಂಡೆಯಾಗಿ ನಿಂತರೆ ಅಲ್ಲಿ ಅಂಟನ್ನು ನಂಬಬೇಡಿ. ಕಾರ್ಖಾನೆಯ ಬಿಸಿ ಪ್ರೆಸ್‌ನಲ್ಲಿ ಒತ್ತುವಾಗ ಪ್ಲೈ ಮೇಲ್ಮೈ ನುಣುಪಾಗಿ, ಮರದ ಸಣ್ಣ ತೂತುಗಳು ಮುಚ್ಚಿಕೊಳ್ಳುತ್ತವೆ. ಅಂಟು ಮೇಲೆಯೇ ಕೂರುತ್ತದೆ. 220 ನಂಬರಿನ ಹೊಸ ಸ್ಯಾಂಡ್ ಪೇಪರ್‌ನಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಧೂಳು ತೆಗೆದು, ಮತ್ತೊಂದು ಹನಿ ಬಿಡಿ. ಜಾಸ್ತಿ ಉಜ್ಜಬೇಡಿ. 1 ಮಿ.ಮೀ. ಪ್ಲೈಯಲ್ಲೇ ಮೂರು ಪದರ ಇರುತ್ತವೆ, ಮೇಲಿನದು ಸವೆಯಲು ಎಷ್ಟು ಹೊತ್ತು, ಅಲ್ವಾ? ಒದ್ದೆ ಜಾಗ ಪೂರ್ತಿ ಒಣಗಿದ ಮೇಲೆಯೇ ಅಂಟಿಸಿ. ಆದರೆ ಮೊದಲೇ ಎಪಾಕ್ಸಿ ಹಚ್ಚಿ ಗಟ್ಟಿಯಾದ ಜಾಗದಲ್ಲಿ ಈ ಪರೀಕ್ಷೆ ಮೋಸ ಮಾಡುತ್ತದೆ. ನಮ್ಮ ಧಾರವಾಡದ ಜುಲೈ ತಿಂಗಳ ಜಿಟಿಜಿಟಿ ಮಳೆಯ ತೇವಕ್ಕೆ ಕೆಲವು ಎಪಾಕ್ಸಿಗಳ ಮೇಲೆ ಮೇಣದಂಥ ಜಿಡ್ಡು ಏಳುತ್ತದೆ. ಅದು ನೀರಿನಲ್ಲಿ ಕರಗುವಂಥದ್ದು, ಹಾಗಾಗಿ ಹನಿ ಚೆನ್ನಾಗಿಯೇ ಹರಡಬಹುದು, ಮುಂದಿನ ಅಂಟು ಮಾತ್ರ ಹಿಡಿಯುವುದಿಲ್ಲ. ಅಲ್ಲಿ ಮೊದಲು ನೀರಿನಿಂದ ತೊಳೆದು ಒಣಗಿಸಿ, ಆಮೇಲೆ ಉಜ್ಜಿ. ತೊಳೆಯದೆ ಉಜ್ಜಿದರೆ ಜಿಡ್ಡನ್ನು ಸುಮ್ನೆ ಎಲ್ಲ ಕಡೆ ಸವರಿದಂತೆ. ಇನ್ನೊಂದು, ಅಂಟು ಸರಿಯಾಗಿ ಕಲಸಿದೆಯೇ ಎಂದು ಈ ಹನಿ ಹೇಳುವುದಿಲ್ಲ. ಪ್ರತಿ ಸಲ ಕಲಸಿದ ಅಂಟಿನಲ್ಲಿ ಅದೇ ಮರದ ಎರಡು ಚೂರು ಜೋಡಿಸಿಟ್ಟು, ಗಟ್ಟಿಯಾದ ಮೇಲೆ ಮುರಿಯಿರಿ. ಮರದ ನಾರು ಹರಿಯಬೇಕು, ಅಂಟಿನ ಗೆರೆ ಬಿಡಬಾರದು.