ಡಿಸೆಂಬರಲ್ಲಿ ಡಿಫರ್, ಮಾರ್ಚಲ್ಲಿ ವೇಯ್ಟ್‌ಲಿಸ್ಟ್, ಸೆಪ್ಟೆಂಬರಲ್ಲಿ ಸೀಟು: ನನ್ನ ಅನುಭವ

2023ರ ಡಿಸೆಂಬರ್ ಮಧ್ಯ, ಬೆಳಗಿನ ಜಾವ 5:30. ನಮ್ಮನೇಲಿ ಫೋನಿಗೆ ಸರಿಯಾಗಿ ಸಿಗ್ನಲ್ ಬರೋದು ಅಟ್ಟದ ಮೆಟ್ಟಿಲ ಮೇಲೆ ಮಾತ್ರ, ಅಲ್ಲೇ ಶಾಲು ಹೊದ್ಕೊಂಡು ಕೂತಿದ್ದೆ, ಅಮೆರಿಕದಲ್ಲಿ ಆಗ ಸಂಜೆ 7 ಗಂಟೆ, ನಾನು ಅರ್ಜಿ ಹಾಕಿದ್ದ ಅಲ್ಲಿನ ಕಾಲೇಜು ರಿಸಲ್ಟ್ ಬಿಡೋ ಹೊತ್ತು. ಪೋರ್ಟಲ್ ತೆಗೆದೆ. ನಿಮ್ಮ ಅರ್ಜಿಯನ್ನ ರೆಗ್ಯುಲರ್ ರೌಂಡಲ್ಲಿ ಮತ್ತೆ ನೋಡ್ತೀವಿ ಅಂತ ಎರಡು ಪ್ಯಾರಾ ಇತ್ತು. ಅಮ್ಮ ಕೆಳಗಿಂದ "ಏನಾಯ್ತೇ, ಪಾಸಾ ಫೇಲಾ" ಅಂದ್ರು. ಎರಡೂ ಅಲ್ಲಮ್ಮ, ಡಿಫರ್ ಮಾಡಿದಾರೆ, ಅಂದ್ರೆ ಮುಂದಕ್ಕೆ ಹಾಕಿದಾರೆ, ಮಾರ್ಚ್ ಕೊನೇಲಿ ಹೇಳ್ತಾರಂತೆ ಅಂದೆ. ಅಪ್ಪ ಹಲ್ಲುಜ್ತಾ ನಿಂತಿದ್ದೋರು, "ಹಂಗಾದ್ರೆ ಇನ್ನೂ ಒಣಗಿಲ್ಲ ಅನ್ನು" ಅಂದ್ರು.

ನಾವು ಅರಸೀಕೆರೆ ಕಡೆ ತೆಂಗು ಬೆಳೆಯೋರು, ಅಪ್ಪ ಏನೇ ಹೇಳಿದ್ರೂ ಕೊಬ್ಬರಿ ಲೆಕ್ಕದಲ್ಲೇ ಹೇಳೋದು. ಉಂಡೆ ಕೊಬ್ಬರಿ ಆಗ್ಬೇಕು ಅಂದ್ರೆ ಕಾಯಿನ ಅಟ್ಟದ ಮೇಲೆ ಹಾಕಿ ಹೆಚ್ಚುಕಮ್ಮಿ ಹತ್ತು ಹನ್ನೊಂದು ತಿಂಗಳು ಬಿಡ್ಬೇಕು, ಒಂದನ್ನ ಎತ್ಕೊಂಡು ಕಿವಿ ಹತ್ರ ಅಲ್ಲಾಡಿಸಿದಾಗ ಒಳಗಡೆ ತಿರುಳು ಚಿಪ್ಪಿಂದ ಬಿಟ್ಕೊಂಡು ಲೊಟಲೊಟ ಅಂದ್ರೆ ಮಾತ್ರ ಸುಲಿಯೋದು, ಇಲ್ದಿದ್ರೆ ವಾಪಸ್ ಅಲ್ಲೇ ಇಡೋದು.

ನಾನು ಹತ್ತನೇ ಕ್ಲಾಸ್ ತನಕ ಊರಲ್ಲೇ ಕನ್ನಡ ಮೀಡಿಯಮ್, ಆಮೇಲೆ ಪಿಯುಸಿ ಸೈನ್ಸ್. ಬೆಂಗಳೂರಲ್ಲಿರೋ ಮಾವನ ಮಗಳು ಅಕ್ಕ ಒಬ್ಳು, ಪೂರ್ತಿ ಸ್ಕಾಲರ್‌ಶಿಪ್ ಕೊಟ್ಟು ಓದಿಸೋ ಅಮೆರಿಕದ ಕಾಲೇಜುಗಳಿವೆ, ಹಾಕಿ ನೋಡು ಅಂದಿದ್ಲು. ಅಲ್ಲಿನ ಪ್ರೈವೇಟ್ ಯೂನಿವರ್ಸಿಟಿಗಳಲ್ಲಿ ವರ್ಷಕ್ಕೆ ಎಲ್ಲಾ ಸೇರಿ 80 ಸಾವಿರ ಡಾಲರ್ ದಾಟುತ್ತೆ, ನಮಗೆ ಅದರಲ್ಲಿ ಒಂದು ತಿಂಗಳ ಊಟದ ದುಡ್ಡೂ ಆಗಲ್ಲ, ಹಾಗಾಗಿ ಸ್ಕಾಲರ್‌ಶಿಪ್ ಇಲ್ಲದ ಅಡ್ಮಿಷನ್ ನಮಗೆ ಅಡ್ಮಿಷನ್ನೇ ಅಲ್ಲ. ಒಂದಕ್ಕೆ ನವೆಂಬರ್ 1ರ ಅರ್ಲಿ ಡೆಡ್‌ಲೈನಿಗೆ ಹಾಕ್ದೆ, ಇನ್ನು ಆರಕ್ಕೆ ಜನವರಿ ಶುರುವಲ್ಲಿ. ಅರ್ಲಿ ಡಿಸಿಷನ್ ಅಂದ್ರೆ ಸೀಟು ಕೊಟ್ರೆ ಬಂದೇ ಬರ್ತೀನಿ ಅಂತ ನಾವು, ಪೇರೆಂಟ್ಸು, ನಾವು ಓದ್ತಿರೋ ಕಾಲೇಜಿನೋರು ಮೂರೂ ಜನ ಸೈನ್ ಹಾಕೋದು. ಡಿಫರ್ ಆದ್ರೆ ಆ ಒಪ್ಪಂದ ಅಲ್ಲಿಗೆ ಮುಗೀತು, ಅರ್ಜಿ ಮಾತ್ರ ರೆಗ್ಯುಲರ್ ಗುಂಪಿಗೆ ಸೇರುತ್ತೆ, ನಾವು ಬೇರೆ ಕಡೆ ಸಿಕ್ರೆ ಹೋಗಬಹುದು. ಇದು ನನಗೆ ಆ ದಿನ ಗೊತ್ತೇ ಇರ್ಲಿಲ್ಲ, ಮೂರು ದಿನ ಆದ್ಮೇಲೆ ಅಕ್ಕ ಹೇಳಿದ್ದು.

ಆ ಮೊದಲ ವಾರ ನಾನು ಮಾಡಿದ್ದೆಲ್ಲ ತಪ್ಪೇ. ರಾತ್ರಿ ಎಲ್ಲಾ ಬೇರೆಯವರ ಮಾರ್ಕ್ಸು, ಅಲ್ಲಿನ ಪ್ರವೇಶ ಪರೀಕ್ಷೆ ಎಸ್‌ಎಟಿ ಸ್ಕೋರು, ಯಾರು ಡಿಫರ್ ಆಗಿ ಆಮೇಲೆ ಒಳಗೆ ಬಂದ್ರು ಅಂತ ಓದೋದು, ಅವರ ಪಕ್ಕ ನನ್ನನ್ನ ಇಟ್ಟು ತೂಗೋದು, ಆ ಎರಡು ಪ್ಯಾರಾದಲ್ಲಿ ಒಂದೊಂದು ಪದಕ್ಕೂ ಅರ್ಥ ಹುಡುಕೋದು. ಅದು ಸಾವಿರಾರು ಜನಕ್ಕೆ ಒಟ್ಟಿಗೆ ಕಳಿಸಿದ ಒಂದೇ ಪತ್ರ, ಅದರಲ್ಲಿ ನನ್ನ ಬಗ್ಗೆ ಏನೂ ಇರ್ಲಿಲ್ಲ. ನಾಲ್ಕನೇ ದಿನ ಕೆಮಿಸ್ಟ್ರಿ ಟೆಸ್ಟಲ್ಲಿ ನಾನು ಚೆನ್ನಾಗಿ ಕಲಿತಿದ್ದ ಲೆಕ್ಕನೇ ತಪ್ಪಾಯ್ತು. ಅವತ್ತು ರಾತ್ರಿ ಫೋನಿಂದ ಆ ಮೇಲ್ ಅಕೌಂಟೇ ತೆಗೆದುಹಾಕ್ದೆ.

ಅರ್ಜಿಗೆ ಅಂತಾನೇ ಬೇರೆ ಇಮೇಲ್ ಮಾಡ್ಕೊಂಡಿದ್ದೆ, ಅದು ಆಗ ಉಪಯೋಗಕ್ಕೆ ಬಂತು. ಅದನ್ನ ಭಾನುವಾರ ಸಂಜೆ ಮಾತ್ರ, ಅದೂ ಅಪ್ಪನ ಫೋನಲ್ಲಿ ನೋಡೋದು ಅಂತ ಮಾಡ್ಕೊಂಡೆ. ಮನಸ್ಸು ತಡೆಯಲ್ಲ, ಮಂಗಳವಾರ ಬುಧವಾರ ಕೈ ತಾನಾಗೇ ಹೋಗ್ತಿತ್ತು, ಆದ್ರೆ ಅಪ್ಪನ ಫೋನು ತೋಟದಲ್ಲಿರ್ತಿತ್ತು. ಇದರಲ್ಲಿ ಒಂದು ಎಡವಟ್ಟೂ ಆಯ್ತು, ಹೇಳ್ಬಿಡ್ತೀನಿ. ಜನವರಿ ಕೊನೇಲಿ ಒಂದು ಕಾಲೇಜು ಅಪ್ಪನ ಆದಾಯದ ದಾಖಲೆ ಇಂಗ್ಲಿಷಲ್ಲಿ ಕಳಿಸಿ, ಐದು ದಿನ ಟೈಮು ಅಂತ ಸೋಮವಾರ ಮೇಲ್ ಹಾಕಿದ್ರು, ನಾನು ನೋಡಿದ್ದು ಭಾನುವಾರ. ಕೈ ನಡುಗ್ತಾ ಕ್ಷಮೆ ಕೇಳಿ ಬರೆದೆ, ಅವರು ತಗೊಂಡ್ರು. ಅವತ್ತಿಂದ ವಾರಕ್ಕೆ ಎರಡು ಸಲ ಮಾಡ್ದೆ, ಬುಧವಾರ ಮತ್ತೆ ಭಾನುವಾರ. ಯಾರಿಗೇ ಹೇಳೋದಾದ್ರೂ ಇದನ್ನೇ ಹೇಳ್ತೀನಿ, ವಾರಕ್ಕೆ ಒಂದು ಸಲ ಸಾಲಲ್ಲ, ದಿನಕ್ಕೆ ಒಂದು ಸಲ ಜಾಸ್ತಿ.

ಡಿಫರ್ ಆದೋರ ಕೈಲಿ ನಿಜವಾಗ್ಲೂ ಇರೋದು ಎರಡೇ ಕೆಲಸ. ಒಂದು ಮಿಡ್‌ಇಯರ್ ರಿಪೋರ್ಟ್, ಅಂದ್ರೆ ಅರ್ಧ ವರ್ಷದ ಮಾರ್ಕ್ಸು, ಇನ್ನೊಂದು ನನಗೆ ಈಗಲೂ ಅಲ್ಲಿಗೇ ಬರೋ ಮನಸ್ಸಿದೆ ಅಂತ ಬರೆಯೋ ಪತ್ರ. ಮಿಡ್‌ಇಯರ್ ರಿಪೋರ್ಟನ್ನ ಕಾಲೇಜಿನ ಕೌನ್ಸೆಲರ್ ಅಪ್‌ಲೋಡ್ ಮಾಡ್ಬೇಕು. ನಮ್ಮ ಪಿಯು ಕಾಲೇಜಲ್ಲಿ ಕೌನ್ಸೆಲರ್ ಎಲ್ಲಿಂದ ಬರ್ಬೇಕು, ಪ್ರಿನ್ಸಿಪಾಲ್ ಸರ್ ಹೆಸರನ್ನೇ ಕೊಟ್ಟಿದ್ದೆ. ಲ್ಯಾಪ್‌ಟಾಪ್ ಇಲ್ಲ, ಆಫೀಸಿನ ಕಂಪ್ಯೂಟರ್ ಮುಂದೆ ಸರ್, ನಾನು, ಕ್ಲರ್ಕ್ ಮೇಡಂ ಮೂರೂ ಜನ ಕೂತ್ಕೊಂಡ್ವಿ. ಮಿಡ್‌ಟರ್ಮ್ ಮಾರ್ಕ್ಸನ್ನ ಲೆಟರ್‌ಹೆಡ್ ಮೇಲೆ ಟೈಪ್ ಮಾಡಿ, ಸರ್ ಸೈನ್ ಹಾಕಿ, ಮೊಹರು ಒತ್ತಿದ್ರು, ಮೊದಲನೇದು ಅರ್ಧ ಬಿತ್ತು ಅಂತ ಅವರೇ ಇಂಕ್ ಪ್ಯಾಡಿಗೆ ಎರಡು ಹನಿ ಹಾಕಿ ಹೊಸ ಹಾಳೆ ಮೇಲೆ ಮತ್ತೆ ಒತ್ತಿದ್ರು, ಅಷ್ಟು ದೂರ ಹೋಗೋ ಕಾಗದ ನೀಟಾಗಿರಲಿ ಅಂತ. ಅವರ ಮೂವತ್ತು ವರ್ಷದ ಸರ್ವಿಸಲ್ಲಿ ಇಂಥ ಫಾರಂ ತುಂಬಿದ್ದು ಅದೇ ಮೊದಲಂತೆ. ಆ ಸೀಟು ಸಿಗದೇ ಇದ್ರೂ ಆ ಮಧ್ಯಾಹ್ನ ನನಗೆ ಇವತ್ತಿಗೂ ದೊಡ್ಡದು.

ಪತ್ರನ ಡಿಫರ್ ಆದ ದಿನವೇ ಬರೀಬೇಡಿ. ನಾನು ಅವತ್ತೇ ಬರೆದಿದ್ದೆ, ಮೂರು ಪುಟ, ಬರೀ ಬೇಡ್ಕೊಳೋದೇ ತುಂಬಿತ್ತು, ಕಳಿಸಿರ್ಲಿಲ್ಲ ಸದ್ಯ. ಒಂದು ತಿಂಗಳು ಬಿಟ್ಟು ಸಂಕ್ರಾಂತಿ ಆದ್ಮೇಲೆ ಕೂತ್ಕೊಂಡೆ. ಮೊದಲು ಅವರ ವೆಬ್‌ಸೈಟಲ್ಲಿ ಇಂಥ ಪತ್ರ ತಗೋತಾರಾ ಇಲ್ವಾ ನೋಡ್ದೆ, ಯಾಕಂದ್ರೆ ಕೆಲವು ಕಡೆ ಏನೂ ಕಳಿಸ್ಬೇಡಿ ಅಂತ ಸ್ಪಷ್ಟವಾಗಿ ಹಾಕಿರ್ತಾರೆ, ಅಂಥ ಕಡೆ ಕಳಿಸಬಾರದು. ಕೆಲವರು ಫೆಬ್ರವರಿಯಲ್ಲಿ ಅವರದೇ ಫಾರಂ ಕೊಡ್ತಾರೆ, ಎಂಐಟಿದು ಹಂಗೇ. ನಾನು ಹಾಕಿದ್ದ ಕಡೆ ತಗೋತಿದ್ರು. ಒಂದೇ ಪುಟ, ನವೆಂಬರ್ 1ರ ನಂತರ ಹೊಸದಾಗಿ ಆಗಿದ್ದು ಮಾತ್ರ.

ಹೊಸದು ಅಂದ್ರೆ ನನ್ನ ಹತ್ರ ಇದ್ದಿದ್ದು ಬಾವಿ. 2023ರಲ್ಲಿ ಮಳೆ ಕೈ ಕೊಟ್ಟು ರಾಜ್ಯದಲ್ಲಿ 200ಕ್ಕೂ ಹೆಚ್ಚು ತಾಲೂಕು ಬರ ಅಂತ ಘೋಷಣೆ ಆಗಿತ್ತು, ನಮ್ಮದೂ ಅದರಲ್ಲಿತ್ತು. ತಾತ ತೋಡಿಸಿದ ಬಾವಿ ಒಂದಿದೆ ತೋಟದಲ್ಲಿ. ಜೂನಿಂದ ಪ್ರತಿ ಭಾನುವಾರ ಒಂದೊಂದು ಅಡಿಗೆ ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಎಷ್ಟನೇ ಗಂಟಿಗೆ ನೀರು ಸಿಕ್ತು ಅಂತ ಬರೀತಿದ್ದೆ. ಜೂನಲ್ಲಿ 31, ನವೆಂಬರಲ್ಲಿ 36, ಜನವರಿಗೆ 40. ಅರ್ಜಿಯಲ್ಲಿ ಅದರ ಶುರುವನ್ನ ಬರೆದಿದ್ದೆ, ಪತ್ರದಲ್ಲಿ ಆಮೇಲಿಂದ ಏನಾಯ್ತು ಅಂತ ಬರೆದೆ, ಪಕ್ಕದ ತೋಟದವರು ಡಿಸೆಂಬರಲ್ಲಿ ಹೊಸ ಬೋರ್ ಕೊರೆಸಿದ ವಾರದಿಂದ ನಮ್ಮ ಹಗ್ಗ ಬೇಗ ಬೇಗ ಉದ್ದ ಆಗ್ತಿರೋದು, ಅದು ಬೋರಿಂದಾನಾ ಬರದಿಂದಾನಾ ಒಂದೇ ಬಾವಿ ನೋಡಿ ಹೇಳಕ್ಕಾಗಲ್ಲ, ಅದಕ್ಕೆ ಇನ್ನೂ ಎರಡು ಬಾವಿ ಅಳೆಯಕ್ಕೆ ಶುರು ಮಾಡಿದೀನಿ ಅಂತ. ಕೊನೇಲಿ ಬರೋ ಮನಸ್ಸಿದೆ ಅಂತ ಒಂದು ಸಾಲು. ಕಳಿಸಿ ಆದ್ಮೇಲೆ ಮತ್ತೆ ತೆಗೆದು ಓದ್ಲಿಲ್ಲ. ಓದಿದ್ರೆ ತಪ್ಪು ಕಾಣುತ್ತೆ, ತಿದ್ದಕ್ಕಂತೂ ಆಗಲ್ಲ.

ನೆಂಟರ ವಿಷಯ. ಮದುವೆ, ಗೃಹಪ್ರವೇಶ, ಹಾಲಿನ ಡೈರಿ, ಎಲ್ಲಿ ಹೋದ್ರೂ "ಅಮೆರಿಕ ಏನಾಯ್ತಮ್ಮ". ಡಿಫರ್ ಅಂದ್ರೆ ಏನು ಅಂತ ಹೇಳಕ್ಕೆ ಹೋದ್ರೆ ಇನ್ನೂ ಹತ್ತು ಪ್ರಶ್ನೆ ಬರ್ತಿತ್ತು, ಕೊನೆಗೆ ನಾನೇ ಕುಗ್ಗಿ ಹೋಗ್ತಿದ್ದೆ. ಅಪ್ಪ ಒಂದು ದಾರಿ ಕಂಡ್ಕೊಂಡ್ರು, ಯಾರೇ ಕೇಳಿದ್ರೂ "ಮಾರ್ಚ್ 29ಕ್ಕೆ ಗೊತ್ತಾಗುತ್ತೆ" ಅಷ್ಟೇ. ತಾರೀಖು ಕೊಟ್ರೆ ಜನ ಸುಮ್ಮನಾಗ್ತಾರೆ. ಅಪ್ಪನೂ ಆಗ ಕಾಯ್ತಾನೇ ಇದ್ರು, ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ, ಮೇಲೆ ರಾಜ್ಯದ 1,500, ಆದ್ರೆ ಫೆಬ್ರವರಿಲಿ ಕ್ಯೂ ನಿಂತು ಮಾಡಿಸಿದ ನೋಂದಣಿ ರದ್ದಾಗಿ ಮಾರ್ಚಲ್ಲಿ ಇನ್ನೊಂದು ಸಲ ಮಾಡಿಸ್ಬೇಕಾಯ್ತು. ಬೆಳಗಿನ ಜಾವ ಎದ್ದು ಹೋಗಿ ಟೋಕನ್ ಇಲ್ದೆ ವಾಪಸ್ ಬಂದ ದಿನವೂ ಅವರು ತೋಟಕ್ಕೆ ನೀರು ಬಿಡೋದನ್ನ ತಪ್ಪಿಸ್ಲಿಲ್ಲ, ಅದನ್ನ ನೋಡ್ತಾ ನೋಡ್ತಾ ನನಗೂ ಧೈರ್ಯ ಬಂತು ಅನ್ಸುತ್ತೆ.

ನಾನು ಒಂದು ನೋಟ್‌ಬುಕ್ ಮಾಡಿದ್ದೆ, ತಾರೀಖು ಇರೋ ಕೆಲಸ ಮಾತ್ರ ಅದರಲ್ಲಿ. ಪ್ರಾಕ್ಟಿಕಲ್ಸು, ಮಾರ್ಚ್ 1ರಿಂದ ಪಿಯು ಪರೀಕ್ಷೆ, ಏಪ್ರಿಲ್ 18, 19 ಸಿಇಟಿ, ಮತ್ತೆ ಅದಕ್ಕೆ ಬೇಕಾದ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರ. ಇದಕ್ಕೆ ಶಾಲೆ ಹೆಡ್‌ಮಾಸ್ಟರ್ ಸೈನ್ ಆದ್ಮೇಲೆ ಬಿಇಓ ಮೇಲುಸಹಿ ಬೇಕು, ಒಂದರಿಂದ ಹತ್ತರ ತನಕದ ದಾಖಲೆ ಬೇಕು, ಎರಡು ಶಾಲೆಯಲ್ಲಿ ಓದಿದ್ರೆ ಎರಡೂ ಕಡೆ ಓಡಾಟ. ಫೆಬ್ರವರಿಯಲ್ಲೇ ಮುಗಿಸ್ದೆ. ಡಿಫರ್ ಆಗಿರೋ ಎಷ್ಟೋ ಜನ ಅಲ್ಲಿ ಸಿಕ್ಕೇ ಸಿಗುತ್ತೆ ಅಂದ್ಕೊಂಡು ಇಲ್ಲಿದನ್ನ ಅರ್ಧಂಬರ್ಧ ಮಾಡ್ತಾರೆ, ಹಂಗೆ ಮಾಡಿದ್ರೆ ಕಾಯೋದು ಇನ್ನೂ ಭಾರ ಆಗುತ್ತೆ, ಎಲ್ಲಾ ಒಂದೇ ಬಾಗಿಲ ಮೇಲೆ ಬಿದ್ದುಬಿಡುತ್ತೆ.

ಮಾರ್ಚ್ 29, ಬೆಳಗ್ಗೆ 4:30, ಅದೇ ಮೆಟ್ಟಿಲು. ಅಲ್ಲಿ ಗಡಿಯಾರ ಮುಂದಕ್ಕೆ ತಿರುಗಿಸಿದ್ರಿಂದ ಒಂದು ಗಂಟೆ ಬೇಗ. ಡಿಫರ್ ಮಾಡಿದ್ದ ಕಡೆ ವೇಯ್ಟ್‌ಲಿಸ್ಟ್. ಉಳಿದ ಆರರಲ್ಲಿ ಐದು ಇಲ್ಲ ಅಂತ ಆ ವಾರದೊಳಗೆ ಬಂತು, ಒಂದು ಹೂಂ ಅಂದಿತ್ತು, ಆದ್ರೆ ಕೊಟ್ಟ ಸ್ಕಾಲರ್‌ಶಿಪ್ ಅರ್ಧಕ್ಕೂ ಕಮ್ಮಿ. ಅಮ್ಮ ತೋಟ ಅಡ ಇಡೋಣ ಅಂದ್ರು. ಬೇಡ ಅಂದೆ. ಅತ್ತೆ. ಅವತ್ತು ಪೂರ್ತಿ ಅತ್ತೆ, ಯಾರೂ ಸಮಾಧಾನ ಮಾಡಕ್ಕೆ ಬರ್ಲಿಲ್ಲ, ಅದೇ ಒಳ್ಳೇದಾಯ್ತು.

ವೇಯ್ಟ್‌ಲಿಸ್ಟಲ್ಲಿ ಇರ್ತೀನಿ ಅಂತ ಒಂದು ಫಾರಂ ತುಂಬೋದಷ್ಟೇ. ಸಾಮಾನ್ಯವಾಗಿ ಮೇ 1ಕ್ಕೆ ಸೀಟು ಸಿಕ್ಕೋರು ದುಡ್ಡು ಕಟ್ಟಿ ಖಾತ್ರಿ ಮಾಡ್ತಾರೆ, ಆಮೇಲೆ ಖಾಲಿ ಉಳಿದಷ್ಟಕ್ಕೆ ವೇಯ್ಟ್‌ಲಿಸ್ಟಿಂದ ಕರೀತಾರೆ. ಆ ವರ್ಷ ಅಲ್ಲಿನ ಮಕ್ಕಳ ಸರ್ಕಾರಿ ನೆರವಿನ ಅರ್ಜಿ, ಫಾಫ್ಸಾ ಅಂತಾರೆ, ಅದು ತಡವಾಗಿ ಬಹಳ ಕಾಲೇಜುಗಳು ಮೇ 1ನ್ನೇ ಮುಂದಕ್ಕೆ ಹಾಕಿದ್ವು. ನಾವು ಅದಕ್ಕೆ ಅರ್ಜಿ ಹಾಕೋರೇ ಅಲ್ಲ, ಆದ್ರೂ ನಮ್ಮ ಕಾಯೋದೂ ಉದ್ದ ಆಯ್ತು. ಸ್ಕಾಲರ್‌ಶಿಪ್ ಬೇಕಾದೋರಿಗೆ ಆ ಹೊತ್ತಿಗೆ ದುಡ್ಡೇ ಉಳಿದಿರೋದು ಕಷ್ಟ, ಇದನ್ನ ನನಗೆ ನಾನೇ ಗಟ್ಟಿಯಾಗಿ ಹೇಳ್ಕೊಂಡೆ. ಜೂನ್ ಕೊನೆ ವಾರದ ಬುಧವಾರ ವೇಯ್ಟ್‌ಲಿಸ್ಟ್ ಮುಚ್ಚಿದೀವಿ ಅಂತ ಮೇಲ್ ಸಿಕ್ತು. ನಂಬ್ತೀರೋ ಇಲ್ವೋ, ಅವತ್ತು ರಾತ್ರಿ ಆರು ತಿಂಗಳಲ್ಲೇ ಮೊದಲ ಸಲ ಒಂದೇ ನಿದ್ದೆ ಮಾಡ್ದೆ.

ಆದ್ರೆ ಇಲ್ಲಿಯ ಕಾಯೋದು ಬಾಕಿ ಇತ್ತು. 2024ರ ಸಿಇಟಿಯಲ್ಲಿ ಸಿಲೆಬಸ್ ಹೊರಗಿನ ಪ್ರಶ್ನೆ ಬಂದು 50 ಪ್ರಶ್ನೆ ಕೈಬಿಟ್ಟು ಲೆಕ್ಕ ಹಾಕಿದ್ರು, ಜೂನ್ 1ಕ್ಕೆ ರ‍್ಯಾಂಕ್ ಬಂತು. ಅಷ್ಟೊತ್ತಿಗೆ ನೀಟ್ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಮೆಡಿಕಲ್, ಇಂಜಿನಿಯರಿಂಗ್ ಸೀಟು ಒಟ್ಟಿಗೆ ಹಂಚೋದು ಅಂತ ಇದ್ದಿದ್ರಿಂದ ಜುಲೈ ಹೋಯ್ತು, ಆಗಸ್ಟೂ ಹೋಯ್ತು. ಪ್ರೈವೇಟಲ್ಲಿ ಮ್ಯಾನೇಜ್‌ಮೆಂಟ್ ಸೀಟು ತಗೊಂಡ ಫ್ರೆಂಡ್ಸಿಗೆ ಕ್ಲಾಸೇ ಶುರುವಾಗಿತ್ತು. ಡಿಸೆಂಬರಲ್ಲಿ ಕಲಿತಿದ್ದು ನನಗೆ ಕೈ ಹಿಡಿದಿದ್ದು ಆ ಎರಡು ತಿಂಗಳಲ್ಲಿ. ಬೆಳಗ್ಗೆ ಅಪ್ಪನ ಜೊತೆ ಕಾಯಿ ಆರಿಸೋದು, ಸಂಜೆ ಊರಿನ ಹತ್ತನೇ ಕ್ಲಾಸಿನ ಆರು ಮಕ್ಕಳಿಗೆ ಲೆಕ್ಕ ಹೇಳೋದು, ಭಾನುವಾರ ಮೂರು ಬಾವಿ. ಜೂನಿಂದ ಮಳೆ ಚೆನ್ನಾಗಿ ಹಿಡಿದಿತ್ತು, ಆಗಸ್ಟಲ್ಲಿ ಹಗ್ಗದ 27ನೇ ಗಂಟು ಒದ್ದೆಯಾಗಿ ಬಂತು.

ಮೊದಲ ರೌಂಡಲ್ಲಿ ಮೈಸೂರಲ್ಲಿ ಸಿವಿಲ್ ಸಿಕ್ತು. ಛಾಯ್ಸ್ 2 ಒತ್ತಿದ್ರೆ ಸೀಟು ಇಟ್ಕೊಂಡು ಮುಂದಿನ ರೌಂಡಲ್ಲಿ ಇನ್ನೂ ಒಳ್ಳೇದಕ್ಕೆ ಕಾಯಬಹುದು, ಎಲ್ಲರೂ ಕಂಪ್ಯೂಟರ್ ಸೈನ್ಸಿಗೆ ಕಾಯಿ ಅಂದ್ರು. ನನಗೆ ಬೇಕಾಗಿದ್ದು ನೀರಿನ ಓದು, ಅದು ಸಿವಿಲ್ಲಲ್ಲೇ ಇದೆ. ಛಾಯ್ಸ್ 1 ಒತ್ತಿ ಸೇರ್ಕೊಂಡೆ.

ಈಗ ಬಾವಿ ಅಳೆಯೋನು ತಮ್ಮ. ಹೋದ ಡಿಸೆಂಬರಲ್ಲಿ ನಮ್ಮ ಪಿಯು ಕಾಲೇಜಿನ ಹುಡುಗಿ ಒಬ್ಳು ಬೆಳಗ್ಗೆ ಆರು ಗಂಟೆಗೆ ಫೋನ್ ಮಾಡಿದ್ಲು, ಅಳ್ತಿದ್ಲು, ಅಕ್ಕ ಡಿಫರ್ ಆಯ್ತು ಅಂತ. ಪೂರ್ತಿ ಕೇಳ್ಕೊಂಡೆ. ಇವತ್ತು ಕಾಲೇಜಲ್ಲಿ ಏನಿದೆ ಅಂತ ಕೇಳ್ದೆ, ಫಿಸಿಕ್ಸ್ ಲ್ಯಾಬ್ ಅಂದ್ಲು, ಸರಿ ಲ್ಯಾಬ್ ಮುಗಿಸಿ ಊಟ ಮಾಡಿ ಫೋನ್ ಮಾಡು ಅಂದೆ. ಮಧ್ಯಾಹ್ನ ಮಾಡಿದಾಗ ಆಗಲೇ ನಾಲ್ಕು ಪುಟದ ಪತ್ರ ರೆಡಿ ಮಾಡ್ಕೊಂಡಿದ್ಲು. ಅದನ್ನ ಮಡಚಿ ಇಡು, ಸಂಕ್ರಾಂತಿ ಆದ್ಮೇಲೆ ಇಬ್ಬರೂ ಕೂತು ಹೊಸದಾಗಿ ಒಂದು ಪುಟ ಬರೆಯೋಣ ಅಂದೆ. ಜನವರಿಯಲ್ಲಿ ಬಿಡುವಾಗಿದ್ದ ಒಂದು ದಿನ ನೋಡಿ ಕೂತ್ವಿ, ಒಂದೂವರೆ ಗಂಟೆ ಹಿಡೀತು.